ಚಾಡಿ ಹೇಳುವ ಶಾಯಿ

ಖಾಲಾ ಬಾಯಿ ತೆರೆದು ನಕ್ಕರೆ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿರುವುದು ಕಾಣುತ್ತಿತ್ತು. ತುದಿಯಲ್ಲಿ ಹೆಚ್ಚುಕಡಿಮೆ ಕಪ್ಪು, ಒಳಗೆ ಹೋದಂತೆ ಬದನೆಕಾಯಿ ಬಣ್ಣ. ನಾನು ಮೊದಲ ಸಲ ನೋಡಿದ್ದು ಚಳಿಗಾಲದಲ್ಲಿ. ಈ ಹೊತ್ತಿನಲ್ಲಿ ಇವರಿಗೆ ನೇರಳೆಹಣ್ಣು ಎಲ್ಲಿ ಸಿಕ್ಕಿತಪ್ಪಾ ಎಂದು ಪಿಳಿಪಿಳಿ ನೋಡುತ್ತ ನಿಂತೆ.

“ಹಣ್ಣಲ್ಲ ಬೇಟಿ, ಶಾಯಿ,” ಎಂದರು ಅವರು, ನನ್ನ ಕಣ್ಣು ಎಲ್ಲಿದೆ ಎಂದು ಕಂಡುಕೊಂಡು. “ರುಚಿ ನೋಡ್ಲಾರ್ದ ನಾ ಮಾರಂಗಿಲ್ಲ. ಸಾರು ಮಾಡಾಕಿ ಉಪ್ಪು ನೋಡಂಗಿಲ್ಲೇನು? ಹಂಗ.”

ಎಪ್ಪತ್ತರ ದಶಕದ ಮಾತಿದು. ನಾನಾಗ ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಹೋಗುತ್ತಿದ್ದೆ. ಅಪ್ಪ ಹತ್ತಿ ಜಿನ್ನಿನಲ್ಲಿ ಹಮಾಲಿ. ನಮ್ಮ ಓಣಿಯಲ್ಲಿ ಪೆನ್ನು ಹಿಡಿದ ಮೊದಲ ಹುಡುಗಿ ನಾನೇ. ಆ ಜಂಬಕ್ಕೆ ನನಗೆ ಒಳ್ಳೆಯ ಶಾಯಿ ಬೇಕಾಗಿತ್ತು. ತೀನ್ ಕಂದೀಲ್ ವೃತ್ತದ ಹಿಂದಿನ ಗಲ್ಲಿಯಲ್ಲಿ ಒಬ್ಬ ವಿಧವೆ ಮನೆಯಲ್ಲೇ ಶಾಯಿ ಕಾಯಿಸಿ ಕಿಟಕಿಯಿಂದ ಮಾರುತ್ತಾರೆ ಎಂದು ಯಾರೋ ಹೇಳಿದರು. ಗಂಡ ಪೆನ್ನು ರಿಪೇರಿ ಮಾಡುತ್ತಿದ್ದವರು, ತೀರಿಕೊಂಡಿದ್ದರು. ಗಲ್ಲಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನನಗೂ ಖಾಲಾನೇ ಆದರು.

ಅವರ ಅಂಗಡಿ ಎಂದರೆ ಒಂದು ಕಿಟಕಿ, ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಬಾಟಲಿ, ಒಳಗೆ ಒಲೆ. ಅಳಲೆಕಾಯಿ ಜಜ್ಜಿ ನೆನೆಹಾಕಿ ಕುದಿಸಿ, ಸೋಸಿ, ಅದಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಸೇರಿಸಿ, ಜಾಲಿಯ ಅಂಟು, ಮೇಲೆ ಹೈದರಾಬಾದಿನಿಂದ ತರಿಸಿದ ನೇರಳೆ ಬಣ್ಣದ ಪುಡಿ. ನೀಲಿ, ಕೆಂಪು ಎಲ್ಲ ಮಾಡುತ್ತಿದ್ದರು. ಆದರೆ ಕಡುನೇರಳೆ ಅವರ ಜಂಬ. ಒಂದು ಹಂಡೆ ಇಳಿಸಿದರೆ ಅದರ ಪರೀಕ್ಷೆ ನೋಡುವುದಕ್ಕೆಂದೇ ನಾನು ಹೋಗಿ ನಿಲ್ಲುತ್ತಿದ್ದೆ. ಮೊದಲು ನಾಲಿಗೆಯ ತುದಿ. ಒಗರು ಎಷ್ಟು ಎಂದು ನೋಡಿ ಪಕ್ಕಕ್ಕೆ ಉಗುಳುವುದು. ಆಮೇಲೆ ಒಂದು ಹನಿ ಕಾಗದದ ಮೇಲೆ. ಅಂಚು ಹರಡಿ ಕೂದಲಿನಂತೆ ಎಳೆ ಬಿಟ್ಟರೆ ಅಂಟು ಕಡಿಮೆ. ಆಮೇಲೆ ನಿಬ್ಬು ಅದ್ದಿ ಒಂದು ಉದ್ದ ಗೆರೆ, ಒಂದು ಸುತ್ತು, ಮತ್ತೆ ಒಂದು ಉದ್ದ ಗೆರೆ. ಗೆರೆ ತೊದಲಬಾರದು. ಒಣಗಿದ ಮೇಲೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜುವುದು. ಕೊನೆಗೆ ಕಾಗದವನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡುವುದು.

ಗೆರೆ ಮತ್ತು ಸುತ್ತು ಯಾಕೆ ಎಂದರೆ, ಖಾಲಾಗೆ ಓದು ಬರಹ ಬರುತ್ತಿರಲಿಲ್ಲ. ಉರ್ದುವೂ ಇಲ್ಲ, ಕನ್ನಡವೂ ಇಲ್ಲ. ಜೀವಮಾನವೆಲ್ಲ ಶಾಯಿ ಕಾಯಿಸಿದ ಹೆಂಗಸಿಗೆ ತನ್ನ ಹೆಸರು ಬರೆಯಲು ಬರುತ್ತಿರಲಿಲ್ಲ. ನಾನು ಬರೆದ ಹಾಳೆಯನ್ನು ತಲೆಕೆಳಗು ಹಿಡಿದುಕೊಂಡೇ “ಇಲ್ಲಿ ಕೈ ನಿಂತದ ನೋಡು, ಇಲ್ಲಿ ಏನೋ ಯೋಚನಿ ಮಾಡೀದಿ” ಎನ್ನುತ್ತಿದ್ದರು. ಅಲ್ಲಿ ನಾನು ನಿಜವಾಗಿಯೂ ಕಾಗುಣಿತ ಮರೆತು ನಿಂತಿರುತ್ತಿದ್ದೆ.

ಸಾಧುಸ್ವಭಾವ ಎಂದುಕೊಳ್ಳಬೇಡಿ. ಖಾಲಾ ಸೇಡು ಮರೆಯುವ ಪೈಕಿ ಅಲ್ಲ. ಯಾರಾದರೂ ಚುಚ್ಚಿ ಮಾತಾಡಿದರೆ ಅಂಥವರಿಗೆ ಮುಂದಿನ ಸಲ ಹಂಡೆಯ ತಳದ ಶಾಯಿ. ನೋಡಲು ಏನೂ ಗೊತ್ತಾಗುವುದಿಲ್ಲ, ಎಂಟು ದಿನಕ್ಕೆ ಪೆನ್ನಿನ ಗಂಟಲು ಕಟ್ಟುತ್ತದೆ. “ತಳದ ಗಿರಾಕಿ ಬಂದ” ಎಂದು ಒಳಗೆ ಕೂತ ಸೊಸೆಗೆ ದಖನಿ ಉರ್ದುವಿನಲ್ಲಿ ಕೂಗಿ ಹೇಳಿ, ಆ ಮನುಷ್ಯನಿಗೆ ನಗುನಗುತ್ತ ಬಾಟಲಿ ತುಂಬಿಸಿ ಕೊಡುತ್ತಿದ್ದರು. ನನಗೆ ಅವರು ಹಿಡಿಸಿದ್ದೇ ಇದಕ್ಕೆ. ನನಗೂ ಸೇಡು ಮರೆಯುವ ಅಭ್ಯಾಸ ಇಲ್ಲ.

ತರಬೇತಿ ಮುಗಿದು ದೇವದುರ್ಗದ ಒಂದು ಪ್ರಾಥಮಿಕ ಶಾಲೆಯಲ್ಲಿ ಹಂಗಾಮಿ ಶಿಕ್ಷಕಿಯಾದೆ. ವರ್ಷದ ಕೊನೆಗೆ ನಡತೆ ಸರಿಯಿದೆ ಎಂದು ಹೆಡ್ ಮಾಸ್ತರ ಬರೆದುಕೊಟ್ಟರೆ ಖಾಯಂ. ಇಲ್ಲದಿದ್ದರೆ ಅಪ್ಪನ ಜೊತೆ ಜಿನ್ನಿಗೆ. ಮನೆಯಲ್ಲಿ ಉಣ್ಣುವ ಆರು ಬಾಯಿಗಳು ಆ ಖಾಯಂ ಎಂಬ ಪದವನ್ನೇ ಕಾಯುತ್ತಿದ್ದವು.

ಇನ್ನು ಆ ಹೆಡ್ ಮಾಸ್ತರ. ಅವನಿಗೆ ಬಹುವಚನ ಕೊಡಲು ಇವತ್ತಿಗೂ ನನ್ನ ಕೈ ಬರುವುದಿಲ್ಲ, ಓದುವವರು ಸಿಟ್ಟಾಗಬಾರದು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಎದೆಯ ಜೇಬಿನಲ್ಲಿ ಬಂಗಾರದ ಬಣ್ಣದ ಕ್ಯಾಪಿನ ಪೆನ್ನು. ಹಸಿರು ಶಾಯಿ ದೊಡ್ಡ ಅಧಿಕಾರಿಗಳ ಹಕ್ಕು, ಪ್ರಾಥಮಿಕ ಶಾಲೆಯ ಮಾಸ್ತರ ಮುಟ್ಟುವಂತಿಲ್ಲ. ಈತನಿಗೆ ಅದೊಂದು ಸಂಕಟ. ಎಲ್ಲರಂತೆ ನೀಲಿಯಲ್ಲಿ ಸಹಿ ಮಾಡಿದರೆ ತಾನು ದೊಡ್ಡವನು ಎಂದು ಯಾರಿಗೆ ಗೊತ್ತಾಗಬೇಕು? ನಾನು ಸೇರಿದ ವಾರವೇ ನನ್ನ ಪೆನ್ನಿನ ಕಡುನೇರಳೆ ಕಂಡು ಕಣ್ಣರಳಿಸಿದ.

“ಟೀಚರಮ್ಮ, ಊರಿಗೆ ಹೋದಾಗ ನನಗೊಂದು ಬಾಟ್ಲಿ ತರ್ರಿ. ಇದು ಆಫೀಸರ್ ಬಣ್ಣ ಅದ,” ಎಂದ.

ಜೂನ್ ಮೊದಲ ವಾರ ನಾನೇ ತಂದುಕೊಟ್ಟೆ. ಅವತ್ತಿನಿಂದ ಹಾಜರಿ ಪುಸ್ತಕದಲ್ಲಿ ಅವನ ಸಹಿ ಕಡುನೇರಳೆ. ಮುಂದಿನ ಬಾಟಲಿಗೆ ತಾನೇ ರಾಯಚೂರಿಗೆ ಹೋಗಿದ್ದನಂತೆ. ಖಾಲಾ ಎಲ್ಲ ಗಿರಾಕಿಗೂ ಹೇಳುವಂತೆ ಅವನಿಗೂ ಹೇಳಿದರು: “ಸಾಬ್, ಇದು ನೇರಳಿಕಾಯಿ ಇದ್ದಂಗ. ಬರಿಯೋ ಮುಂದ ಬಣ್ಣ ಬ್ಯಾರೆ. ಗಾಳಿ ಕುಡಿದು ತಿಂಗಳೊಪ್ಪತ್ತಿಗೆ ಹಣ್ಣಾಗಿ ಕರ್ರಗಾಗ್ತದ.” ಅವನು ಉಳಿದ ಗಿರಾಕಿಗಳ ಎದುರು ನಕ್ಕು, “ಹೆಬ್ಬೆಟ್ಟು ಒತ್ತಾಕಿ ನನಗ ಶಾಯಿ ಪಾಠ ಹೇಳ್ತಿಯೇನು? ಬಾಟ್ಲಿ ತುಂಬು,” ಎಂದನಂತೆ. ಖಾಲಾ ತುಂಬಿಕೊಟ್ಟರು. ತಳದ್ದಲ್ಲ, ಮೇಲಿನದ್ದೇ. ಇಂಥ ಮಾತಿಗೆ ಎಂಟು ದಿನದ ಸೇಡು ಸಾಲದು ಎಂದು ಅವರಿಗೆ ಅನಿಸಿತ್ತು ಎಂದು ಆಮೇಲೆ ಹೇಳಿದರು.

ದೀಪಾವಳಿ ಸೂಟಿ ಮುಗಿಸಿ ಬಂದ ಒಂದು ಮಧ್ಯಾಹ್ನ ನನಗೆ ಗಂಟಲು ಒಣಗಿ ಕೆಮ್ಮು ಹತ್ತಿತು. ಮಾಸ್ತರರ ಕೋಣೆಯ ಮೂಲೆಯಲ್ಲಿ ಮಣ್ಣಿನ ಹರವಿಯಲ್ಲಿ ನೀರು ಇರುತ್ತಿತ್ತು. ಅಲ್ಲಿಯವರೆಗೆ ಜವಾನ ಮೇಲಿನಿಂದ ಹೊಯ್ದರೆ ನಾನು ಬೊಗಸೆಯೊಡ್ಡಿ ಕುಡಿಯುತ್ತಿದ್ದೆ. ಯಾಕೆ ಎಂದು ನಾನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅವತ್ತು ಜವಾನ ಇರಲಿಲ್ಲ. ನಾನೇ ಮುಚ್ಚಳ ತೆಗೆದು, ತಂಬಿಗೆ ಅದ್ದಿ, ಕುಡಿದೆ. ಹೆಡ್ ಮಾಸ್ತರ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಮರುದಿನ ಆ ಮೂಲೆಯಲ್ಲಿ ಹೊಸ ಹರವಿ ಇತ್ತು. ಹಳೆಯದು ಅಂಗಳದ ಬೇವಿನ ಗಿಡದ ಕೆಳಗೆ, ಮಕ್ಕಳಿಗೆ.

ನಾನು ತಂದ ಶಾಯಿ ಮುಟ್ಟಬಹುದು, ನಾನು ಮುಟ್ಟಿದ ನೀರು ಆಗದು! ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಖಾಯಂ ಆಗಲಿ, ಆಮೇಲೆ ನೋಡೋಣ ಎಂದು ಹಲ್ಲು ಕಚ್ಚಿಕೊಂಡೆ.

ಎರಡು ವಾರಕ್ಕೆ ಶಾಲಾ ಇನ್ಸ್‌ಪೆಕ್ಟರರ ಕಚೇರಿಯಿಂದ ನೋಟೀಸು ಬಂತು. ಮೂರು ಸಲ ಮೆಮೋ ಕೊಟ್ಟರೂ ನಿಮ್ಮ ನಡತೆ ಸುಧಾರಿಸಿಲ್ಲ, ನೌಕರಿಯಿಂದ ಯಾಕೆ ತೆಗೆಯಬಾರದು, ಡಿಸೆಂಬರಿನಲ್ಲಿ ಹಾಜರಾಗಿ ಕಾರಣ ಹೇಳಿ. ಯಾವ ಮೆಮೋ? ಹೆಡ್ ಮಾಸ್ತರನ ಹತ್ತಿರ ಹೋದೆ. ಅವನು ಮೆಮೋ ಪುಸ್ತಕ ತೆರೆದು ದೂರದಿಂದ ತೋರಿಸಿದ. ಎದುರುಬದುರು ಎರಡು ಪುಟಗಳಲ್ಲಿ ಮೂರು ಮೆಮೋ. ಜೂನ್ ತಿಂಗಳದ್ದು, ತಡವಾಗಿ ಬರುತ್ತಾಳೆ ಎಂದು. ಆಗಸ್ಟ್ ತಿಂಗಳದ್ದು, ಹಿರಿಯರಿಗೆ ಎದುರು ಮಾತಾಡುತ್ತಾಳೆ ಎಂದು. ನವೆಂಬರ್ ತಿಂಗಳದ್ದು, “ಶಾಲೆಯ ಕುಡಿಯುವ ನೀರಿನ ವ್ಯವಸ್ಥೆಗೆ ಭಂಗ ತಂದಿರುತ್ತಾರೆ.” ಕಾನೂನು ಗೊತ್ತಿತ್ತು ಅವನಿಗೆ, ಅದಕ್ಕೇ ಅಷ್ಟು ನಾಜೂಕು. ಮೂರರ ಕೆಳಗೂ “ಸ್ವೀಕರಿಸಲು ನಿರಾಕರಿಸಿರುತ್ತಾರೆ” ಎಂದು ಬರೆದು ಸಹಿ.

“ಈ ಜಾಗಕ್ಕ ನಮ್ಮ ಅಕ್ಕನ ಮಗ ಕಾಯಾಕತ್ತಾನ್ರೀ ಟೀಚರಮ್ಮ,” ಎಂದ, ಹವಾಮಾನ ಹೇಳಿದಷ್ಟು ಸಲೀಸಾಗಿ. “ನೀವು ಹೆಣ್ಮಗಳು, ಮದಿವಿ ಮಾಡ್ಕೊಂಡು ಹೋಗ್ರಿ.”

ಶನಿವಾರ ಶಾಲೆ ಬಿಟ್ಟ ಕೂಡಲೇ ರಾಯಚೂರು ಬಸ್ಸು ಹತ್ತಿದೆ. ಅಪ್ಪ ಕೇಳಿ, “ಕಾಲು ಬೀಳು ಯವ್ವಾ, ದೊಡ್ಡೋರು, ಬಿಟ್ಟುಬಿಡ್ತಾರ,” ಎಂದ. ಅಪ್ಪನ ಮೇಲೆ ಮೊದಲ ಸಲ ನನಗೆ ಅಸಹ್ಯ ಬಂತು, ಅದಕ್ಕಾಗಿ ಇವತ್ತೂ ನಾಚಿಕೆಯಾಗುತ್ತದೆ. ಮನೆಯಲ್ಲಿ ಕೂರಲಾಗದೆ ಎದ್ದು ಖಾಲಾನ ಕಿಟಕಿಗೆ ಬಂದೆ.

“ಕ್ಯಾ ಹುವಾ? ಮಾರಿ ಯಾಕ ಹಿಂಗ ಆಗ್ಯಾದ?”

ಹೇಳಿದೆ. ಹರವಿಯಿಂದ ಹಿಡಿದು ಮೆಮೋವರೆಗೆ ಎಲ್ಲ. “ಒಂದು ಬಾಟ್ಲಿ ಕೊಡ್ರಿ ಖಾಲಾ,” ಎಂದೆ ಕೊನೆಗೆ. “ಆ ಬಿಳಿ ಜುಬ್ಬಾದ ಮ್ಯಾಲ ಸುರಿದು ನೌಕ್ರಿ ಬಿಟ್ಟು ಬರ್ತೀನಿ.”

ಖಾಲಾ ಸೌಟು ಹಿಡಿದೇ ಕಿಟಕಿಗೆ ಬಗ್ಗಿದರು. “ನೀರಿನ ಮಾತು ನನ್ನ ಶಾಯಿಲೇ ಬರ್ದಾನೇನು?” ಎಂದು ಕೇಳಿದರು. ಹೌದು ಎಂದೆ. ಅವರ ಮುಖ ಬಿಗಿಯಿತು. ಮುಸಲ್ಮಾನರ ಹೆಂಗಸಾದ ಅವರಿಗೂ ಹರವಿಯ ಲೆಕ್ಕ ಹೊಸದಲ್ಲ.

“ಮೂರೂ ನನ್ನ ಶಾಯಿನೇ ಅಂತ ಹ್ಯಾಂಗ ಗೊತ್ತಾತು?”

“ಗೊತ್ತಾಗ್ದೆ ಏನು? ಮೂರೂ ಪಳಪಳ ಅಂತಾವ. ಅದೇ ಬಣ್ಣ.”

ಖಾಲಾನ ಕೈಯಲ್ಲಿದ್ದ ಸೌಟು ನಿಂತಿತು. “ಪಳಪಳ? ಜೂನಿಂದೂ ಪಳಪಳ?”

“ಹೌದು.”

“ಸರಿ ನೋಡಿಯೇನು? ಕರ್ರಗಿಲ್ಲ?”

“ಇಲ್ಲ ಖಾಲಾ. ಮೂರೂ ಒಂದೇ…” ಅಲ್ಲಿಗೆ ನನ್ನ ಮಾತೂ ನಿಂತಿತು. ಜೂನ್ ತಿಂಗಳಲ್ಲಿ ಬರೆದದ್ದು ಇಷ್ಟು ಹೊತ್ತಿಗೆ ಕಾಡಿಗೆಯಾಗಬೇಕಿತ್ತು. ನನ್ನ ಸ್ವಂತ ಪಾಠದ ಟಿಪ್ಪಣಿಗಳೇ ಆಗಿದ್ದವು. ಹಾಜರಿ ಪುಸ್ತಕದಲ್ಲಿ ಅವನ ಜೂನ್ ಸಹಿಗಳೂ ಆಗಿದ್ದವು, ದಿನಾ ನೋಡುತ್ತಿದ್ದೆ.

ಖಾಲಾ ನೇರಳೆ ನಾಲಿಗೆ ಹೊರಗೆ ಬರುವಂತೆ ನಕ್ಕರು. “ನಹೀ ಬೇಟಿ, ಚೆಲ್ಲಬ್ಯಾಡ. ಚೆಲ್ಲಿದ್ದು ತೊಳ್ಕೋತಾನ. ಬರ್ದಾನಲ್ಲ, ಅದು ಬಿಡಂಗಿಲ್ಲ. ಚೌಕಾಸಿ ಯಾವತ್ತಂದಿ? ನಾನೂ ಬರ್ತೀನಿ.”

ಚೌಕಾಸಿ ಎಂದರೆ ಅಲ್ಲಿ ವಿಚಾರಣೆ. ಮಗನ ಮದುವೆಯ ನಂತರ ರಾಯಚೂರು ಬಿಟ್ಟು ಕದಲದ ಹೆಂಗಸು, ಬುರ್ಖಾ ತೊಟ್ಟು, ಕೈಚೀಲದಲ್ಲಿ ಒಂದು ಬಾಟಲಿ ಇಟ್ಟುಕೊಂಡು, ಎರಡು ತಾಸು ಬಸ್ಸಿನಲ್ಲಿ ಕುಲುಕಿಕೊಂಡು ದೇವದುರ್ಗಕ್ಕೆ ಬಂದರು. ದಾರಿಯುದ್ದಕ್ಕೂ ಹೆಡ್ ಮಾಸ್ತರನಿಗೆ ದಖನಿಯಲ್ಲಿ ಬೈದರು. ಅರ್ಧ ನನಗೆ ತಿಳಿಯಲಿಲ್ಲ, ಆದರೂ ಹೊಟ್ಟೆ ತಂಪಾಯಿತು.

ಇನ್ಸ್‌ಪೆಕ್ಟರ್ ಸಾಹೇಬರು ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ, ಬೇಸರದವರು. ಬೇಗ ಮುಗಿದರೆ ಊಟಕ್ಕೆ ಹೋಗುವವರು. ನಾನು ಹಾಜರಿ ಪುಸ್ತಕ ತರಿಸಿ ಮೆಮೋ ಪುಸ್ತಕದ ಪಕ್ಕ ಇಡಲು ಕೇಳಿಕೊಂಡೆ. ಜೂನ್ ತಿಂಗಳ ಸಹಿ ಇದ್ದಲಿನಂತೆ ಕಪ್ಪು. ಜೂನ್ ತಿಂಗಳ ಮೆಮೋ ಆಗಷ್ಟೇ ಬರೆದಂತೆ ನೇರಳೆ. ಸಾಹೇಬರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಖಾಲಾ ತನ್ನ ಶಾಯಿ ಹೇಗೆ ಮಾಗುತ್ತದೆ ಎಂದು ವಿವರಿಸಿದರು.

ಹೆಡ್ ಮಾಸ್ತರ ನಕ್ಕ. “ಸಾಹೇಬ್ರ, ಓದಾಕ ಬರೆಯಾಕ ಬರಲಾರದ ಹೆಬ್ಬೆಟ್ಟಿನಾಕಿ ಮಾತು ಕೇಳ್ತೀರೇನು? ಹಾಜರಿಗೆ ಆಕಿ ಶಾಯಿ ಖರೆ. ಮೆಮೋಕ್ಕ ಬ್ಯಾರೆ ಶಾಯಿ ಅದು, ಬಾಟ್ಲಿ ಬ್ಯಾರೆ. ಎಷ್ಟು ವರ್ಷ ಆದ್ರೂ ಅದರ ಬಣ್ಣ ಹಿಂಗ ಇರ್ತದ.”

ಸುಳ್ಳೇ, ಆದರೆ ಎಂಥ ಸುಳ್ಳು! ಅಲ್ಲಗಳೆಯುವುದು ಹೇಗೆ? ಖಾಲಾ ಮಾತ್ರ ಮುಂದೆ ಬಗ್ಗಿ, “ಎಷ್ಟು ವರ್ಷ ಆದ್ರೂ ಹಿಂಗ ಇರ್ತದಾ ಸಾಬ್?” ಎಂದು ಕೇಳಿದರು. ಹೌದು ಎಂದ. “ಇನ್ನೊಂದು ಸಲ ಹೇಳ್ರಿ.” ಹೇಳಿದ. “ಸಾಹೇಬ್ರ, ಈ ಮಾತು ಬರಕೋರ್ರಿ,” ಎಂದರು. ಸಾಹೇಬರು ಬರೆದುಕೊಂಡರು.

“ಈಗ ನನ್ನ ಹೇಳಿಕಿ ಕೆಳಗ ಹೆಬ್ಬೆಟ್ಟು ಬೇಕಲ್ಲ?”

ಗುಮಾಸ್ತ ಮಸಿಯ ಡಬ್ಬಿ ಮುಂದಿಟ್ಟ. ಖಾಲಾ ಅದನ್ನು ಸರಿಸಿ, ಕೈಚೀಲದಿಂದ ತಮ್ಮ ಬಾಟಲಿ ತೆಗೆದು, ಬೂಚು ಬಿಚ್ಚಿ, ಹೆಬ್ಬೆರಳು ಅದ್ದಿದರು. ಹೇಳಿಕೆಯ ಕೆಳಗೆ ಒಂದು ಒತ್ತಿದರು. ಇನ್ನೊಂದನ್ನು, ಯಾರೂ ಬೇಡ ಅನ್ನುವ ಮುಂಚೆ, ಮೆಮೋ ಪುಸ್ತಕದಲ್ಲಿ ಮೂರನೆಯ ಮೆಮೋದ ಪಕ್ಕಕ್ಕೇ ಒತ್ತಿಬಿಟ್ಟರು. ಹೆಬ್ಬೆಟ್ಟಿನ ಬಣ್ಣವೂ ಮೆಮೋದ ಬಣ್ಣವೂ ಒಂದೇ.

“ಇದು ಇವತ್ತಿನ ಹೆಬ್ಬೆಟ್ಟು. ಪುಸ್ತಕ ತೆರೆದೇ ಕಪಾಟಿನಾಗ ಇಡ್ರಿ, ಶಾಯಿಗೆ ಗಾಳಿ ಬೇಕು. ಕೀಲಿ ನಿಮ್ಮ ಹಂತೇಲಿರಲಿ. ಒಂದು ತಿಂಗಳು ಬಿಟ್ಟು ತೆಗೀರಿ. ನನ್ನ ಹೆಬ್ಬೆಟ್ಟು ಕರ್ರಗಾಗಿ ಇವರ ಅಕ್ಷರ ಹಿಂಗ ಉಳಿದ್ರ ಇವರು ಖರೆ, ನಾನು ಸುಳ್ಳಿ. ಎರಡೂ ಕೂಡಿ ಕರ್ರಗಾದ್ರ ಶಾಯಿ ನಂದು, ಬರ್ದದ್ದು ಮನ್ನಿ ಮನ್ನಿ.”

ಸಾಹೇಬರಿಗೆ ಒಂದು ತಿಂಗಳು ಮುಂದೂಡುವುದು ಎಂದರೆ ಹಬ್ಬ. ಇಂಥ ಸರ್ಕಾರಿ ಪದ್ಧತಿ ಇದೆಯೋ ಇಲ್ಲವೋ ಎಂದು ಕೂಡ ಯೋಚಿಸದೆ ಪುಸ್ತಕವನ್ನು ಕಪಾಟಿಗೆ ಹಾಕಿಸಿ, ಕೀಲಿ ಜೇಬಿಗಿಳಿಸಿ, ಊಟಕ್ಕೆ ಎದ್ದರು.

ಆ ಒಂದು ತಿಂಗಳು! ನನ್ನ ಜೀವನದಲ್ಲಿ ಅಷ್ಟು ಭಯ, ಅಷ್ಟು ಸುಖ ಒಟ್ಟಿಗೆ ಉಂಡಿಲ್ಲ. ಹೆಡ್ ಮಾಸ್ತರನ ಮೇಜಿನ ಕೆಳಗಿನ ಕಸದ ಬುಟ್ಟಿಯಲ್ಲಿ ಹರಿದ ಚೀಟಿಗಳು ಕಾಣತೊಡಗಿದವು. ಒಂದು ದಿನ ಎತ್ತಿ ನೋಡಿದೆ. ಸೋಮವಾರ, ಮಂಗಳವಾರ ಎಂದು ವಾರ ಬರೆದು, ಕೆಳಗೆ ಗೆರೆ. ಖಾಲಾನನ್ನು ನೋಡಿ ನಕ್ಕವನು ಈಗ ತಾನೇ ಶಾಯಿಯ ಪರೀಕ್ಷೆಗೆ ಕೂತಿದ್ದ! ಒಂದು ಚೀಟಿಗೆ ನಿಂಬೆಹುಳಿ ಹಿಂಡಿದ್ದ, ಒಂದನ್ನು ಬಿಸಿಲಿಗೆ ಇಟ್ಟಿದ್ದ, ಒಂದನ್ನು ಸುಟ್ಟೂ ನೋಡಿದ್ದ. ಹುಳಿ ಹಿಂಡಿದ್ದು ಬಿಟ್ಟರೆ ಉಳಿದವೆಲ್ಲ ನಿಧಾನಕ್ಕೆ ಕಪ್ಪಾಗುತ್ತಿದ್ದವು. ಕಪಾಟಿನೊಳಗಿನ ಪುಸ್ತಕಕ್ಕೆ ಹುಳಿ ಹಿಂಡಲು ಅವನಿಂದ ಸಾಧ್ಯವಿರಲಿಲ್ಲ. ನಾನು ಆ ಚೀಟಿಗಳನ್ನು ನೋಡಿ ನೋಡಿ, ತಿನ್ನುವುದಕ್ಕೆ ಏನೂ ಇಲ್ಲದಿದ್ದರೂ ತಿಂದಷ್ಟು ತೃಪ್ತಿಯಾಗಿ ತರಗತಿಗೆ ಹೋಗುತ್ತಿದ್ದೆ.

ಮೂರನೆಯ ವಾರ ಅವನೇ ಬಂದ. “ಟೀಚರಮ್ಮ, ಒಂದು ಕ್ಷಮಾಪಣಿ ಬರಕೊಡ್ರಿ. ನಾನು ಮೆಮೋ ವಾಪಸ್ ತಗೋತೀನಿ. ಯಾಕ ಸುಮ್ನ ಕಿರಿಕಿರಿ?”

“ಯಾವ ಶಾಯಿಲೇ ಬರೀಲ್ರಿ ಮಾಸ್ತರ?” ಎಂದೆ. ಅವನು ತಿರುಗಿ ಹೋದ.

ಜನವರಿಯಲ್ಲಿ ಕಪಾಟು ತೆರೆದರು. ಖಾಲಾ ಮತ್ತೆ ಬಂದಿದ್ದರು. ಪುಸ್ತಕ ಮೇಜಿಗೆ ಬಂದಾಗ ನಾನು ಕಣ್ಣು ಮುಚ್ಚಿದ್ದೆ. “ಹ್ಞೂಂ,” ಎಂದು ಸಾಹೇಬರ ಧ್ವನಿ ಕೇಳಿತು. ತೆರೆದೆ. ಹೆಬ್ಬೆಟ್ಟು ಕಪ್ಪು. ಪಕ್ಕದ ಮೆಮೋ ಕಪ್ಪು. ಮೇಲಿನದು ಕಪ್ಪು, ಎದುರು ಪುಟದ್ದೂ ಕಪ್ಪು. ಜೂನ್, ಆಗಸ್ಟ್, ನವೆಂಬರ್ ಮೂರೂ ಒಂದೇ ತಾಯಿಯ ಮಕ್ಕಳಂತೆ ಕರ್ರಗೆ ಕೂತಿದ್ದವು. ಹೆಡ್ ಮಾಸ್ತರ ಪುಸ್ತಕವನ್ನು ತನ್ನತ್ತ ಎಳೆದು ನೋಡಿದ.

“ಈಗ ಪಾಠ ತಿಳೀತೇನು ಸಾಬ್?” ಎಂದರು ಖಾಲಾ.

ನಾನು ಖಾಯಂ ಆದೆ. ಅವನಿಗೆ ಏನಾಯಿತು ಎನ್ನುತ್ತೀರಿ? ಮಾನ್ವಿ ಕಡೆಗೆ ಒಂದು ವರ್ಗಾವಣೆ. ಅಷ್ಟೇ! ಅಲ್ಲಿಯೂ ಹೆಡ್ ಮಾಸ್ತರನೇ. ಒಂದು ಮನೆಯ ಅನ್ನ ಕಿತ್ತುಕೊಳ್ಳಲು ಹೋದವನಿಗೆ ಊರು ಬದಲಾವಣೆ ಒಂದು ಶಿಕ್ಷೆಯೇ? ನನ್ನ ಸಿಟ್ಟು ಇಳಿಯಲಿಲ್ಲ. ಅರ್ಧ ಊಟಕ್ಕೆ ಎಬ್ಬಿಸಿದಂತೆ ಆಗಿತ್ತು.

ಶಿಕ್ಷೆ ಆದದ್ದು ಖಾಲಾಗೆ. ಈ ಸುದ್ದಿ ಕಚೇರಿಯಿಂದ ಕಚೇರಿಗೆ ಹಬ್ಬಿತು. ಹಿಂದಿನ ತಾರೀಖು ಹಾಕಿ ಬರೆಯುವುದು ನಮ್ಮ ಹೆಡ್ ಮಾಸ್ತರ ಒಬ್ಬನ ವಿದ್ಯೆಯಲ್ಲವಲ್ಲ! “ಆ ಮುದುಕಿ ಶಾಯಿ ಬ್ಯಾಡ್ರೋ, ಚಾಡಿ ಹೇಳ್ತದ,” ಎಂದು ರಾಯಚೂರಿನ ಗುಮಾಸ್ತರೆಲ್ಲ ಕಡುನೇರಳೆ ಕೊಳ್ಳುವುದು ಬಿಟ್ಟರು. ಬೇಸಿಗೆ ಸೂಟಿಗೆ ಹೋದಾಗ ಹಂಡೆ ಬೋರಲು ಬಿದ್ದಿತ್ತು. ನನ್ನಿಂದಾಗಿ ಹೀಗಾಯಿತಲ್ಲ ಖಾಲಾ ಎಂದು ಅತ್ತೆ.

“ಹೀಂಗಾಗ್ತದಂತ ಗೊತ್ತಿರ್ಲಿಲ್ಲೇನು? ನಾ ಹುಚ್ಚಿಯೇನು?” ಎಂದು ಬೈದರು. “ಸುಳ್ಳು ಬರೆಯೋರು ಊರಾಗ ಇಷ್ಟು ಮಂದಿ ಅದಾರಂತ ಗೊತ್ತಾತಲ್ಲ, ಸಾಕು. ಅಳಬ್ಯಾಡ, ಶಾಯಿ ಕೆಡ್ತದ.”

ಆಮೇಲೆ ಅವರು ಕಾಲೇಜು ಹುಡುಗಿಯರಿಗೆಂದು ಕಚ್ಚಾ ಶಾಯಿ ಮಾಡತೊಡಗಿದರು. ಅಳಲೆಕಾಯಿ ಇಲ್ಲ, ಅನ್ನಭೇದಿ ಇಲ್ಲ, ಬರೀ ಬಣ್ಣದ ಪುಡಿ ಮತ್ತು ಅಂಟು. ಬರೆದಾಗ ಕಡುನೇರಳೆಗಿಂತ ಚೆಂದ. ಆದರೆ ಬಿಸಿಲು ಕಂಡರೆ ಆರೇಳು ತಿಂಗಳಿಗೆ ಪರಾರಿ. ಖಾಲಾ ಅದರ ರುಚಿ ನೋಡುತ್ತಿರಲಿಲ್ಲ. “ಅದನ್ನೇನು ನೋಡೋದು, ಸಕ್ರಿ ನೀರು,” ಎನ್ನುತ್ತಿದ್ದರು.

ಎಂಬತ್ತರ ದಶಕ ಅರ್ಧ ಕಳೆದಾಗ ನನಗೂ ಮಾನ್ವಿಗೆ ವರ್ಗವಾಯಿತು. ಬೇರೆ ಶಾಲೆ. ಆದರೆ ಊರು ಎಷ್ಟು ದೊಡ್ಡದು? ಅದೇ ವರ್ಷ ಅವನ ನಿವೃತ್ತಿ. ನನ್ನ ಅಕ್ಷರ ದುಂಡಗಿದೆ ಎಂದು ಅಲ್ಲಿಯ ಶಿಕ್ಷಕರು ನನ್ನ ಹತ್ತಿರವೇ ಬಂದರು. “ಮಾಸ್ತರಿಗೆ ಬಿನ್ನವತ್ತಳೆ ಕೊಡಾಕತ್ತೀವ್ರೀ. ನಿಮ್ಮ ಕೈಯಾಗ ಬರಕೊಟ್ರ ಚೌಕಟ್ಟು ಹಾಕಿಸ್ತೀವಿ.” ಹಳೆಯ ಕಥೆ ಅವರಿಗೆ ಗೊತ್ತಿರಲಿಲ್ಲ. ನಾನು ಎಷ್ಟು ಬೇಗ ಒಪ್ಪಿದೆ ಎಂದರೆ ಅವರಿಗೇ ಆಶ್ಚರ್ಯ.

ಭಾನುವಾರ ರಾಯಚೂರಿಗೆ ಓಡಿದೆ. ಖಾಲಾ ಹಾಸಿಗೆ ಹಿಡಿದಿದ್ದರು. ಉಬ್ಬಸ. ಕಿವಿಯಲ್ಲಿ ವಿಷಯ ಹೇಳಿದೆ. ಒಂದು ಗಳಿಗೆ ತಿಳಿಯಲಿಲ್ಲ, ತಿಳಿದದ್ದೇ ನಗು. ನಕ್ಕು ನಕ್ಕು ಕೆಮ್ಮಿ, ಸೊಸೆ ಬಂದು ಬೆನ್ನು ತಿಕ್ಕಬೇಕಾಯಿತು.

“ಕಚ್ಚಾ ಬಾಟ್ಲಿ ಕೊಡು ಈಕಿಗೆ,” ಎಂದರು ಸೊಸೆಗೆ. ನನ್ನ ಕೈ ಹಿಡಿದುಕೊಂಡು, “ಹೊಗಳಿಕಿ ಚೆಂದಾಗಿ ಬರಿ. ಒಂದಕ್ಷರ ಕಡಿಮಿ ಮಾಡಬ್ಯಾಡ. ಖಾಲಿ ಆದ ಮ್ಯಾಲ ಬಂದು ನನಗ ಹೇಳಬೇಕು, ನೋಡು,” ಎಂದರು.

ಬರೆದೆ. ದಯಾಮಯರು, ಸಮಾನತೆಯ ಹರಿಕಾರರು, ಬಾಯಾರಿದವರಿಗೆ ಜ್ಞಾನದ ಚಿಲುಮೆ. ಆ ಚಿಲುಮೆ ಬರೆಯುವಾಗ ಮಾತ್ರ ಪೆನ್ನು ಕೆಳಗಿಟ್ಟು ಒಂದು ತಂಬಿಗೆ ನೀರು ಕುಡಿದೆ. ಸಭೆಯಲ್ಲಿ ಓದಿದರು, ಚಪ್ಪಾಳೆ ಬಿತ್ತು. ಜಂ‍ಬದ ಮನುಷ್ಯ, ಬಂದವರಿಗೆಲ್ಲ ಕಾಣಲಿ ಎಂದು ಪೂರ್ವಕ್ಕೆ ಮುಖವಿದ್ದ ಪಡಸಾಲೆಯಲ್ಲೇ ತೂಗುಹಾಕಿದ. ಅವನ ಮನೆ ನನ್ನ ಶಾಲೆಯ ದಾರಿಯಲ್ಲಿತ್ತು. ದಿನಾ ಬೆಳಗ್ಗೆ ಮಾನ್ವಿಯ ಬಿಸಿಲು ಆ ಗಾಜಿಗೆ ಬಡಿಯುವುದನ್ನು ನೋಡುತ್ತ ಹೋಗುತ್ತಿದ್ದೆ. ಬೇಸಿಗೆಯ ಹೊತ್ತಿಗೆ ದಯಾಮಯರು ತಿಳಿಯಾದರು. ಮಳೆಗಾಲಕ್ಕೆ ಸಮಾನತೆ ಹೋಯಿತು. ಅರ್ಧ ಅಳಿಸಿದೆ, ಹೋಗಿ ಖಾಲಾಗೆ ಹೇಳಲೇ ಎಂದು ಎಷ್ಟೋ ಸಲ ಅನಿಸಿತು. ಬೇಡ, ಪೂರ್ತಿ ಖಾಲಿಯಾಗಲಿ, ಪೂರ್ತಿ ಸುದ್ದಿಯನ್ನೇ ಒಯ್ಯೋಣ ಎಂದು ಕಾದೆ.

ದಸರೆ ಹತ್ತಿರ ಬಂದಾಗ ಒಂದು ಬೆಳಗ್ಗೆ ಅವನೇ ಪಡಸಾಲೆಯಿಂದ ಕೂಗಿದ. ಚೌಕಟ್ಟಿನಲ್ಲಿ ಬರೀ ಬಿಳಿ ಹಾಳೆ. ಗಾಜಿನಲ್ಲಿ ಅವನ ಮುಖವೇ ಕಾಣುತ್ತಿತ್ತು.

“ಟೀಚರಮ್ಮ, ಇದೇನಾತು ನೋಡ್ರಿ. ಒಂದಕ್ಷರ ಉಳಿದಿಲ್ಲ. ನಿಮ್ಮ ಶಾಯಿ ಬಿಡಂಗಿಲ್ಲ ಅಂತಿದ್ರಲ್ಲ?”

ಹತ್ತು ವರ್ಷ ಬಾಯಲ್ಲಿ ಇಟ್ಟುಕೊಂಡು ಕೂತಿದ್ದ ಮಾತು ನಿರಾಯಾಸವಾಗಿ ಬಂತು. “ಇದು ಬ್ಯಾರೆ ಶಾಯಿರೀ ಮಾಸ್ತರ. ಬಾಟ್ಲಿ ಬ್ಯಾರೆ.”

ಅವನು ನನ್ನನ್ನು ನೋಡಿದ. ತಿಳಿಯಿತು ಅವನಿಗೆ. ಪೂರಾ ತಿಳಿಯಿತು. ಕುರ್ಚಿ ಹುಡುಕಿ ಕೂತ. ಸುಳ್ಳೇಕೆ ಹೇಳಲಿ, ನನಗೆ ಪಶ್ಚಾತ್ತಾಪವಾಗಲಿಲ್ಲ. ಅವತ್ತು ಶಾಲೆಗೆ ರಜೆ ಹಾಕಿ, ಹೋಟೆಲಿಗೆ ಹೋಗಿ, ಮಂಡಾಳು ಒಗ್ಗರಣೆ ಮಿರ್ಚಿ ತಿಂದು, ನೇರ ರಾಯಚೂರಿನ ಬಸ್ಸು ಹತ್ತಿದೆ. ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಖಾಲಾ ನಗುತ್ತಾರೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡೆ.

ಕಿಟಕಿ ಮುಚ್ಚಿತ್ತು. ಸೊಸೆ ಬಾಗಿಲು ತೆರೆದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಹೋದ ಜುಮ್ಮಾ ದಿನ ಹೋಗ್ಯಾರ್ರೀ ಅಮ್ಮಾ,” ಎಂದರು. ಹೊಸ್ತಿಲಲ್ಲೇ ಕೂತೆ. ಐದು ದಿನ. ಬರೀ ಐದು ದಿನ.

ಅವರು ನೀರು ತಂದುಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತ ಕೇಳಿದರು:

“ಒಂದು ಮಾತ್ರೀ. ಕಡೀಕ ಒಂದು ತಿಂಗಳು ದಿನಾ ಕೇಳ್ತಿದ್ರು, ‘ಟೀಚರಮ್ಮ ಬಂದಿದ್ಳೇನು? ಖಾಲಿ ಆತಂತೇನು?’ ಅಂತ. ನಾವು ಜ್ವರದಾಗ ಬಡಬಡಸ್ತಾರ ಅಂದ್ಕೊಂಡ್ವಿ. ಏನು ಖಾಲಿ ಆಗಬೇಕಿತ್ತು ಅಮ್ಮಾ?”

ಅರ್ಧ ಅಳಿಸಿದಾಗಲೇ ಹೋಗಿ ಹೇಳಬೇಕಿತ್ತು.